ಸ್ಲ್ಯಾಶ್ ಕಾರ್ಡ್‌ಗೆ ಹೆಸರಿಡೋದು, ಚಾರ್ಟ್‌ನಾಗ ಬರಿಯೋದು: ಕೆಳಗಿನ ಸ್ವರದಿಂದ ಶುರು ಮಾಡೋ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ ಕಡೆ ಆರ್ಕೆಸ್ಟ್ರಾ, ಚರ್ಚ್ ಕ್ವಾಯರ್, ಕಾಲೇಜ್ ಬ್ಯಾಂಡ್‌ನಾಗ ಬಾರಿಸೋರ ಚಾರ್ಟ್ (ಹಾಡಿನ ಕಾರ್ಡ್ ಬರದಿಟ್ಟ ಹಾಳಿ) ನೋಡಿದ್ರ ಸಾದಾ ಕಾರ್ಡ್ (ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು) ಎಲ್ಲಾ ಸರಿ ಇರತಾವು, ಸ್ಲ್ಯಾಶ್, ಅಂದ್ರ ಓರೆ ಗೆರಿ, ಬಂದಲ್ಲೆ ಎಡವಟ್ಟಾಗತೈತಿ. ಒಬ್ರು ಸಿ/ಇ ಅಂತ ಬರದು "ಸಿ ಇಲ್ಲಾ ಇ, ಯಾವ್ದರ ಹಾಕು" ಅನ್ನೋ ಅರ್ಥ ಇಟ್ಕೊಂಡಿರತಾರ, ಅದನ್ನ ಓದೋರು ಅರ್ಧ ಬಾರ್ (ಬಾರ್ ಅಂದ್ರ ಬೀಟ್‌ಗಳ ಒಂದು ಗುಂಪು) ಸಿ ಅರ್ಧ ಬಾರ್ ಇ ಬಾರಿಸ್ತಾರ, ಬೇಸ್ ಗಿಟಾರ್‌ನವ್ರು ಗೆರಿ ಆಚೆ ಏನೈತಿ ಅಂತ ನೋಡಂಗೇ ಇಲ್ಲ. ಎಲ್ಲಾರೂ ಎಡಗಡೆಯಿಂದ, ಅಂದ್ರ ಕಾರ್ಡ್ ಹೆಸರಿನಿಂದ ಶುರು ಮಾಡೋದಕ್ಕ ಹಿಂಗಾಗತೈತಿ. ಕೆಲಸ ಬಲಗಡೆಯಿಂದ ಶುರು ಆಗಬೇಕು, ಬೇಸ್‌ನಿಂದ, ಅಂದ್ರ ಕೆಳಗಿನ ಸ್ವರದಿಂದ. ಕೆಳಗಿನ ಹಂತಗಳ ಕ್ರಮ ಬಿಡಬ್ಯಾಡ್ರಿ, ಹಿಂದಿಂದು ಮುಂದ ಮಾಡಿದ್ರ ಹೆಸರು ತಪ್ಪೇ ಬರತೈತಿ.

ಗೊತ್ತಿರಬೇಕಾದ್ದು ಒಂದ ಸಾಲಿನಾಗ: ಗೆರಿ ಎಡಕ್ಕ ಇರೋದು ಕಾರ್ಡ್, ಬಲಕ್ಕ ಇರೋದು ಒಂದ ಒಂದು ಸ್ವರ, ಆ ಸ್ವರ ಎಲ್ಲಾರಕಿಂತ ಕೆಳಗ ಕೇಳಬೇಕು. ಸಿ/ಇ ಅಂದ್ರ ಸಿ ಮೇಜರ್ ಕಾರ್ಡ್, ಖರ್ಜದಾಗ ಇ. ನಮ್ಮ ಕಡೆ "ಸಿ ಬೈ ಇ" ಅಂತೀವಿ, "ಸಿ ಓವರ್ ಇ" ಅನ್ನೋರೂ ಅದಾರ, ಎರಡೂ ಒಂದ.

ಇಲ್ಲೆ ಅಕ್ಷರ ಕನ್ನಡದಾಗ ಬರದೀನಿ, ಹಾರ್ಮೋನಿಯಂ ಕಲಿತವ್ರಿಗೆ ತಾಳಿ ನೋಡ್ಲಿಕ್ಕೆ ಅನುಕೂಲ ಆಗ್ಲಿ ಅಂತ ಬಿಳಿ 1 (ಮೊದಲನೇ ಬಿಳಿ ಮನಿ) ಅನ್ನ ಸಾ ಅಂತ ಹಿಡದೀನಿ. ಸಾ ರೆ ಗ ಮ ಪ ಧ ನಿ ಅಂದ್ರ ಸಿ ಡಿ ಇ ಎಫ್ ಜಿ ಎ ಬಿ. ಚಾರ್ಟ್‌ನಾಗ ನೀವು ಇಂಗ್ಲಿಷ್ ದೊಡ್ಡ ಅಕ್ಷರದಾಗ ಬರೀರಿ, ಬೇಸ್ ಸ್ವರಾನೂ ದೊಡ್ಡ ಅಕ್ಷರದಾಗೇ. ಸಣ್ಣ ಬಿ ಬರದ್ರಿ ಅಂದ್ರ ಅದು ಬಿ ಸ್ವರಾನೋ ಫ್ಲಾಟ್ ಚಿಹ್ನೆನೋ ಗೊತ್ತಾಗಂಗಿಲ್ಲ. ಫ್ಲಾಟ್ (♭) ಅಂದ್ರ ಅರ್ಧ ಸ್ವರ ಕೆಳಗ, ಶಾರ್ಪ್ (♯) ಅಂದ್ರ ಅರ್ಧ ಸ್ವರ ಮ್ಯಾಲ.

ಮೊದಲ ಏನೇನು ಇಟ್ಕೋಬೇಕು

ಕೀಬೋರ್ಡ್ ಇಲ್ಲಾ ಹಾರ್ಮೋನಿಯಂ, ಗಿಟಾರ್ ಇದ್ರ ಅದೂ ನಡೀತೈತಿ. ಪೆನ್ಸಿಲ್, ರಬ್ಬರ್, ಪೆನ್ ಬ್ಯಾಡ. ಆಮ್ಯಾಲ ಇಯರ್‌ಫೋನ್, ಇದನ್ನ ಮಾತ್ರ ಬಿಡಾಕ ಆಗಂಗಿಲ್ಲ. ಬೇಸ್ ಗಿಟಾರ್‌ನ ದಪ್ಪ ತಂತಿ ಖುಲ್ಲಾ ಬಾರಿಸಿದ್ರ ಸುಮಾರು 41 ಹರ್ಟ್ಸ್, ಮೊಬೈಲ್ ಸ್ಪೀಕರ್ ಅಷ್ಟು ಕೆಳಗಿನ ಸ್ವರ ಹೊರಗ ಹಾಕಂಗಿಲ್ಲ, ಹಿಂಗಾಗಿ ಫೋನ್ ಟೇಬಲ್ ಮ್ಯಾಲ ಇಟ್ಟು ಕೇಳಿ ಕಾರ್ಡ್ ಹಿಡದವ್ರು ಬೇಸ್ ಕೇಳಿರೋದ ಇಲ್ಲ, ಊಹೆ ಮಾಡಿರತಾರ. ಸಿ/ಇ ಇದ್ದಲ್ಲೆ ಬರೇ ಸಿ ಬರಿಯೋದಕ್ಕ ಇದು ದೊಡ್ಡ ಕಾರಣ. ಯೂಟ್ಯೂಬ್‌ನಾಗ ಸ್ಪೀಡ್ 0.75 ಇಲ್ಲಾ 0.5 ಇಟ್ರ ಶ್ರುತಿ ಬದಲಾಗಂಗಿಲ್ಲ, ಹಾಡು ನಿಧಾನ ಆಗತೈತಿ, ಅದನ್ನ ಉಪಯೋಗ ಮಾಡ್ರಿ.

ಹಂತ 1: ಬೇಸ್ ಅಷ್ಟ ಕೇಳ್ರಿ, ಹಾಡ್ರಿ

ಕಾರ್ಡ್ ಬಗ್ಗೆ ಇನ್ನೂ ವಿಚಾರ ಮಾಡಬ್ಯಾಡ್ರಿ. ಹಾಡಿನ ಒಂದು ಸಾಲು ಹಾಕಿ ಕೆಳಗಿನ ಸ್ವರ ಹೆಂಗ ಹೊಂಟೈತಿ ಅಂತ ಕೇಳಿ, ಬಾಯಿಲೆ ಗುನುಗ್ರಿ, ನಿಮ್ಮ ದನಿ ಅಷ್ಟು ಕೆಳಗ ಹೋಗಂಗಿಲ್ಲ ಅಂದ್ರ ಒಂದು ಸಪ್ತಕ ಮ್ಯಾಲ ಹಾಡ್ರಿ, ನಡೀತೈತಿ. ಆಮ್ಯಾಲ ಅದನ್ನ ವಾದ್ಯದಾಗ ಹುಡುಕಿ ಬರೇ ಬೇಸ್ ಸ್ವರಗಳನ್ನ ಸಾಲಾಗಿ ಬರೀರಿ. ಉದಾಹರಣೆಗೆ ನಿಮಗ ಸಿಕ್ಕಿದ್ದು ಇದು ಅಂತ ತಿಳಕೊಳ್ರಿ:

ಸಿ, ಬಿ, ಎ, ಜಿ, ಎಫ್, ಇ, ಡಿ, ಜಿ

ಸ್ವರದಾಗ ಹೇಳಿದ್ರ ಸಾ ನಿ ಧ ಪ ಮ ಗ ರೆ, ಕೊನೀಗೆ ಪ. ಹಿಂದೂಸ್ತಾನಿ ಕಲಿತವ್ರಿಗೆ ಇದು ಅವರೋಹ ಅಂತ ಥಟ್ಟನೆ ಹೊಳೀತೈತಿ. ಗದಗ ವೀರೇಶ್ವರ ಪುಣ್ಯಾಶ್ರಮದಂಥಾ ಕಡೆ ಸ್ವರಜ್ಞಾನ ಗಟ್ಟಿ ಮಾಡ್ಕೊಂಡು ಬಂದವ್ರಿಗೆ ಈ ಹಂತ ಭಾಳ ಹಗುರ, ಪಾಶ್ಚಾತ್ಯ ಥಿಯರಿ ಗೊತ್ತಿಲ್ಲ ಅಂತ ಅವ್ರು ಹಿಂದ ಸರಿಯೋ ಕಾರಣ ಏನೂ ಇಲ್ಲ. ಇದ ಸಾಲನ್ನ ಕೊನೀತನಕ ಬಳಸ್ತೀನಿ, ಹಾಳಿ ಮ್ಯಾಲ ಬರದಿಟ್ಕೊಳ್ರಿ.

ತಪ್ಪು ಎಲ್ಲಾಗತೈತಿ ಅಂದ್ರ ಬೇಸ್‌ನವ್ರು ಒಂದು ಸ್ವರದಿಂದ ಇನ್ನೊಂದಕ್ಕ ಹೋಗೋವಾಗ ನಡುವ ಸಣ್ಣ ಸ್ವರ ಹಾಕ್ತಾರ, ಅದಕ್ಕೂ ಒಂದು ಸ್ಲ್ಯಾಶ್ ಕಾರ್ಡ್ ಬರದುಬಿಡ್ತಾರ. ಬೀಟ್ ಬಿದ್ದಲ್ಲೆ, ಕಾರ್ಡ್ ಬದಲಾದಲ್ಲೆ ಇರೋ ಸ್ವರ ಅಷ್ಟ ಬರೀರಿ.

ಹಂತ 2: ಮ್ಯಾಲಿನ ಕಾರ್ಡ್ ಬ್ಯಾರೆ ಹಿಡೀರಿ

ಈಗ ಬೇಸ್ ಮರತುಬಿಡ್ರಿ, ಮ್ಯಾಲ ಗಿಟಾರ್, ಕೀಬೋರ್ಡ್, ಕೋರಸ್ ದನಿ ಏನು ಹಾಡ್ತಾವು ಕೇಳ್ರಿ. ಬಲಗೈಲೆ ಮೂರು ಸ್ವರ ಹಿಡದು ಹೊಂದತಾವೋ ಇಲ್ಲೋ ನೋಡ್ರಿ. ನಮ್ಮ ಉದಾಹರಣೆಯಾಗ ಮ್ಯಾಲಿನ ಕಾರ್ಡ್ ಹಿಂಗ ಸಿಗ್ತಾವು: ಸಿ, ಜಿ, ಎ ಮೈನರ್, ಎ ಮೈನರ್, ಎಫ್, ಸಿ, ಡಿ ಮೈನರ್, ಜಿ. ಇವನ್ನ ಬೇಸ್ ಸಾಲಿನ ಮ್ಯಾಲ ಬರೀರಿ. ಈಗ ಎರಡು ಸಾಲಾದ್ವು, ಮ್ಯಾಲ ಕಾರ್ಡ್, ಕೆಳಗ ಬೇಸ್, ಎಲ್ಲೆ ಮ್ಯಾಲಿಂದೂ ಕೆಳಗಿಂದೂ ಒಂದ ಐತೋ ಅಲ್ಲೆ ಸ್ಲ್ಯಾಶ್ ಬ್ಯಾಡ.

ಹಂತ 3: ಬೇಸ್ ಸ್ವರ ಕಾರ್ಡ್ ಒಳಗಿಂದೋ ಹೊರಗಿಂದೋ

ಬೇಸ್ ಸ್ವರ ಕಾರ್ಡಿನ ಮೂರು ಸ್ವರದಾಗ ಒಂದಿದ್ರ ಅದು ಇನ್ವರ್ಷನ್. ಸಿ ಮೇಜರ್ ಅಂದ್ರ ಸಿ ಇ ಜಿ, ಸಾ ಗ ಪ. ಕೆಳಗ ಗ ಬಂದ್ರ ಸಿ/ಇ, ಮೊದಲನೇ ಇನ್ವರ್ಷನ್. ಕೆಳಗ ಪ ಬಂದ್ರ ಸಿ/ಜಿ, ಎರಡನೇ ಇನ್ವರ್ಷನ್. ಕೋಮಲ ನಿ ಕೆಳಗ ಬಂದ್ರ ಸಿ7/ಬಿ♭, ಇದು ಸೆವೆಂತ್ ಕಾರ್ಡಿನ (ಮೂರು ಸ್ವರದ ಕೂಡ ಏಳನೇ ಸ್ವರ ಸೇರಿಸಿದ್ದು) ಮೂರನೇ ಇನ್ವರ್ಷನ್, ಭಾಳ ಮಂದಿ ಸಿ/ಬಿ♭ ಅಂತಷ್ಟ ಬರೀತಾರ, ಅದೂ ಸರಿ, ಯಾಕಂದ್ರ ಸೆವೆಂತ್ ಸ್ವರ ಬೇಸ್‌ನಾಗ ಬಂದ ಬರತೈತಿ.

ನಮ್ಮ ಸಾಲಿನಾಗ ಜಿ ಕಾರ್ಡ್ ಕೆಳಗ ಬಿ ಐತಿ, ಜಿ ಕಾರ್ಡ್ ಅಂದ್ರ ಜಿ ಬಿ ಡಿ, ಹಂಗಾದ್ರ ಬಿ ಒಳಗಿಂದು, ಜಿ/ಬಿ. ಎ ಮೈನರ್ ಕೆಳಗ ಜಿ ಐತಿ, ಎ ಮೈನರ್ ಅಂದ್ರ ಎ ಸಿ ಇ, ಇದರಾಗ ಜಿ ಇಲ್ಲ, ಆದ್ರ ಎ ಮೈನರ್ ಸೆವೆಂತ್‌ನಾಗ ಐತಿ, ಹಿಂಗಾಗಿ ಎ ಮೈನರ್/ಜಿ. ಸಿ ಕೆಳಗ ಇ, ಸಿ/ಇ. ಪೂರಾ ಸಾಲು:

| ಸಿ | ಜಿ/ಬಿ | ಎ ಮೈನರ್ | ಎ ಮೈನರ್/ಜಿ | ಎಫ್ | ಸಿ/ಇ | ಡಿ ಮೈನರ್ | ಜಿ |

ಕಾರ್ಡಿನಾಗ ಇಲ್ಲದ ಸ್ವರ ಕೆಳಗ ಬಂದ್ರ ಅದು ಇನ್ವರ್ಷನ್ ಅಲ್ಲ. ಎಫ್/ಜಿ ತಗೋರಿ, ಎಫ್ ಎ ಸಿ ಮೂರರಾಗೂ ಜಿ ಇಲ್ಲ. ಇದನ್ನ "ಎಫ್ ಇನ್ವರ್ಷನ್" ಅಂತ ಕರದ್ರ ತಪ್ಪು. ಜಿ ಮ್ಯಾಲ ನಿಂತು ನೋಡಿದ್ರ ಎಫ್ ಅದರ ಕೋಮಲ ಸೆವೆಂತ್, ಎ ಒಂಬತ್ತನೇದು, ಸಿ ನಾಲ್ಕನೇದು, ಅಂದ್ರ ಜಿ9ಸಸ್4, ಡಿ ಒಂದ ಬಿಟ್ಟೈತಿ. ಈ ಕಾರ್ಡ್ ಜಿ ಥರಾ ಕೆಲಸ ಮಾಡತೈತಿ, ಮುಂದ ಸಿ ಗೆ ಮರಳತೈತಿ, ಎಫ್ ಥರಾ ಅಲ್ಲ.

ಹಂತ 4: ಸ್ಲ್ಯಾಶ್ ಬೇಕೋ, ಸಾದಾ ಹೆಸರು ಸಾಕೋ

ಎಲ್ಲಾರಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು, ಯಾಕಂದ್ರ ಒಂದ ನಾಲ್ಕು ಸ್ವರಕ್ಕ ಎರಡು ಮೂರು ಹೆಸರು ಇರತಾವು.

ಸಿ/ಎ ಅಂತ ಬಂತು ಅಂದ್ರ ಬೇಸ್‌ನಿಂದ ಎಣಸ್ರಿ: ಎ ಸಿ ಇ ಜಿ. ಇದು ಎ ಮೈನರ್ ಸೆವೆಂತ್, ಹಂಗ ಬರೀರಿ, ಸ್ಲ್ಯಾಶ್ ತಗದುಹಾಕ್ರಿ. ಎ ಮೈನರ್/ಎಫ್ ಅಂದ್ರ ಎಫ್ ಎ ಸಿ ಇ, ಎಫ್ ಮೇಜರ್ ಸೆವೆಂತ್. ಇ ಮೈನರ್/ಸಿ ಅಂದ್ರ ಸಿ ಇ ಜಿ ಬಿ, ಸಿ ಮೇಜರ್ ಸೆವೆಂತ್. ಇಂಥಲ್ಲೆ ಬೇಸ್ ಸ್ವರ ತಾನ ರೂಟ್ (ಕಾರ್ಡಿಗೆ ಹೆಸರು ಕೊಡೋ ಮೂಲ ಸ್ವರ) ಆಗಿ, ಮ್ಯಾಲಿನ ಮೂರು ಸ್ವರ ಅದರ ಮ್ಯಾಲ ನೀಟಾಗಿ ಕೂತಿರತಾವು, ಸ್ಲ್ಯಾಶ್ ಬರದ್ರ ಓದೋರಿಗೆ ಸುಮ್ನ ತ್ರಾಸ.

ನಾ ಹಿಡಿಯೋ ನಿಯಮ ಇದು. ಬೇಸ್‌ನಿಂದ ಎಣಿಸಿದಾಗ ಎಲ್ಲಾರಿಗೂ ಪರಿಚಯ ಇರೋ ಸೆವೆಂತ್ ಕಾರ್ಡ್ ಸಿಕ್ರ ಆ ಹೆಸರು ಬರೀರಿ. ಸಿಕ್ಕಿದ್ದು ಜಿ9ಸಸ್4 ನಂಥಾ ಉದ್ದನ ಹೆಸರಾದ್ರ ಎಫ್/ಜಿ ಅಂತಾನ ಬರೀರಿ, ಸ್ಟೇಜ್ ಲೈಟ್ ಕೆಳಗ ಕೀಬೋರ್ಡ್‌ನವ್ರಿಗೆ ಎಡಗೈ ಜಿ ಬಲಗೈ ಎಫ್ ಅನ್ನೋದು ಕಣ್ಣಿಗೆ ಬಿದ್ದಕೂಡ್ಲೆ ತಿಳೀತೈತಿ. ಜಿ/ಎ ನೂ ಹಂಗ, ಅದು ಎ9ಸಸ್4, ಜಿ/ಎ ಬರಿಯೋದ ಚೊಲೊ.

ಈ ನಿಯಮ ಮುರಿಬೇಕಾದ ಜಾಗಾ ಒಂದೈತಿ, ಬೇಸ್ ಹೆಜ್ಜಿ ಹೆಜ್ಜಿ ಇಳಿಯೋ ಸಾಲು. ಇದನ್ನ ನೋಡ್ರಿ:

| ಎ ಮೈನರ್ | ಎ ಮೈನರ್/ಜಿ♯ | ಎ ಮೈನರ್/ಜಿ | ಎ ಮೈನರ್/ಎಫ್♯ | ಎಫ್ ಮೇಜರ್ 7 |

ನಾಲ್ಕನೇದು ಎಣಿಸಿದ್ರ ಎಫ್♯ ಎ ಸಿ ಇ, ಎಫ್♯ ಮೈನರ್ 7 ಫ್ಲಾಟ್ 5 ಅಂತ ಸರಿಯಾದ ಹೆಸರು ಐತಿ. ಆದ್ರೂ ಇಲ್ಲೆ ಸ್ಲ್ಯಾಶ್ ಇಡ್ರಿ. ಮ್ಯಾಲಿನ ಕೈ ಅಲ್ಲಾಡಬಾರದು, ಕೆಳಗ ಎ, ಜಿ♯, ಜಿ, ಎಫ್♯, ಎಫ್ ಅಂತ ಅರ್ಧ ಅರ್ಧ ಸ್ವರ ಇಳೀತೈತಿ ಅನ್ನೋದು ಚಾರ್ಟ್ ನೋಡಿದ್ರ ಕಾಣಬೇಕು. ನಡುವ ಒಂದು ಕಡೆ ಹೆಸರು ಬದಲಿಸಿದ್ರ ಗಿಟಾರ್‌ನವ್ರು ಆಕಾರ ಪೂರಾ ಬದಲಿಸ್ತಾರ, ಆ ಇಳಿಯೋ ಗೆರಿ ಕಡದು ಹೋಗತೈತಿ.

ಸಿ6 ಮತ್ತ ಎ ಮೈನರ್ 7/ಸಿ ದ್ದೂ ಇದ ಪ್ರಶ್ನೆ. ಸಿ ಇ ಜಿ ಎ, ಎರಡಕ್ಕೂ ಅವ ಸ್ವರ, ಬೇಸೂ ಅದ. ಹಾಡು ಅಲ್ಲೆ ಸಾ ಕ್ಕ ಬಂದು ನಿಂತ್ರ ಸಿ6 ಅನ್ರಿ. ಹಿಂದ ಮುಂದ ಎ ಮೈನರ್ ಇದ್ದು ಬೇಸ್ ಬರೇ ದಾಟಿ ಹೋಗತಿದ್ರ ಎ ಮೈನರ್ 7/ಸಿ.

ಹಂತ 5: ಶಾರ್ಪ್ ಬರೀಬೇಕೋ ಫ್ಲಾಟ್ ಬರೀಬೇಕೋ

ಹಾರ್ಮೋನಿಯಂ ಮ್ಯಾಲ ಎಫ್♯ ಮತ್ತ ಜಿ♭ ಒಂದ ಕರಿ ಮನಿ, ಹಿಂಗಾಗಿ ಏನು ಬರದ್ರೂ ನಡೀತೈತಿ ಅಂತ ತಿಳಕೋತಾರ. ನಡಿಯಂಗಿಲ್ಲ. ಡಿ ಮೇಜರ್‌ನ ಮೂರನೇ ಸ್ವರ ಎಫ್ ಅಕ್ಷರದ್ದ ಆಗಬೇಕು, ಡಿ ಇ ಎಫ್, ಹಿಂಗಾಗಿ ಡಿ/ಎಫ್♯, ಡಿ/ಜಿ♭ ಅಲ್ಲ. ಇ/ಜಿ♯, ಎ/ಸಿ♯, ಬಿ/ಡಿ♯ ಎಲ್ಲಾ ಇದ ಲೆಕ್ಕ. ಫ್ಲಾಟ್ ಬರೋದು ಸಿ7/ಬಿ♭, ಎಫ್ ಮೈನರ್/ಎ♭ ಇಂಥಲ್ಲೆ. ಬೆರಳ ಮ್ಯಾಲ ಅಕ್ಷರ ಎಣಸ್ರಿ, ಮೊದಲನೇ ಇನ್ವರ್ಷನ್ ಆದ್ರ ಕಾರ್ಡಿನ ಅಕ್ಷರದಿಂದ ಬೇಸ್ ಅಕ್ಷರ ಮೂರನೇದು, ಎರಡನೇ ಇನ್ವರ್ಷನ್ ಆದ್ರ ಐದನೇದು, ಅಷ್ಟ.

ಆರ್ಕೆಸ್ಟ್ರಾದವ್ರಿಗೆ ಇನ್ನೊಂದು. ಹಾಡೋರು ಕರಿ 1 (ಮೊದಲನೇ ಕರಿ ಮನಿ ಸಾ) ಅಂದ್ರ ಚಾರ್ಟ್ ಸಿ♯ ನಾಗ ಬರಿಯೋ ರೂಢಿ ಐತಿ. ಅಲ್ಲೆ ಸಿ♯ ನ ಮೂರನೇ ಸ್ವರ ಇ♯, ಯಾರೂ ಇ♯ ಬರಿಯಂಗಿಲ್ಲ, ಸಿ♯/ಎಫ್ ಅಂತ ಬರೀತಾರ, ತಪ್ಪು. ಕರಿ 1 ಕ್ಕ ಡಿ♭ ಅಂತ ಬರೀರಿ, ಡಿ♭/ಎಫ್ ಆಗತೈತಿ, ಸ್ಪೆಲ್ಲಿಂಗೂ ಸರಿ, ಓದ್ಲಿಕ್ಕೂ ಹಗುರ. ಕರಿ 2 ಕ್ಕ ಇ♭ ಬರೀರಿ, ಡಿ♯ ಹಿಡದ್ರ ಡಬಲ್ ಶಾರ್ಪ್ ಬಂದು ತಲಿ ತಿನ್ನತೈತಿ.

ಹಂತ 6: ಹಾಳಿ ಮ್ಯಾಲ, ವಾಟ್ಸಾಪ್‌ನಾಗ ಬರಿಯೋದು

ಮೇಜರ್, ಮೈನರ್, ಸೆವೆಂತ್ ಏನ ಇದ್ರೂ ಗೆರಿ ಎಡಕ್ಕ ಇರಬೇಕು. ಬಲಕ್ಕ ಸ್ವರ ಒಂದ. ಸಿ/ಇ ಮೈನರ್, ಸಿ/ಬಿ♭7 ಅಂತ ಕಂಡ್ರ ಬರದವ್ರಿಗೆ ಏನೋ ಗೊಂದಲ ಆಗೈತಿ ಅಂತ ತಿಳೀರಿ, ಹಂಗ ಬಾರಿಸಬ್ಯಾಡ್ರಿ, ಕೇಳ್ರಿ. ನಿಜವಾಗ್ಲೂ ಎರಡು ಪೂರಾ ಕಾರ್ಡ್ ಒಂದರ ಮ್ಯಾಲ ಒಂದು ಬೇಕಿದ್ರ ಅದಕ್ಕ ಪಾಲಿಕಾರ್ಡ್ ಅಂತಾರ, ಅದಕ್ಕ ಅಡ್ಡಗೆರಿ ಹಾಕಿ ಮ್ಯಾಲ ಒಂದು ಕಾರ್ಡ್ ಕೆಳಗ ಒಂದು ಕಾರ್ಡ್ ಬರೀತಾರ, ಓರೆ ಗೆರಿ ಅಲ್ಲ.

"ಇದು ಇಲ್ಲಾ ಅದು" ಅನ್ನೋ ಅರ್ಥಕ್ಕ ಓರೆ ಗೆರಿ ಎಂದೂ ಹಾಕಬ್ಯಾಡ್ರಿ. ಜಿ/ಇ ಮೈನರ್ ಅಂತ ಬರಿಯೋ ಬದಲಿ "ಜಿ ಇಲ್ಲಾ ಇ ಮೈನರ್" ಅಂತ ಬಿಡಿಸಿ ಬರೀರಿ. ಒಂದು ಬಾರ್‌ನಾಗ ಎರಡು ಕಾರ್ಡ್ ಇದ್ರ ಜಾಗಾ ಬಿಟ್ಟು | ಸಿ ಜಿ | ಅಂತ ಬರೀರಿ. ಬೀಟ್ ತೋರ್ಸಾಕ ಹಾಕೋ ಓರೆ ಗೆರಿಗಳೂ ಅದಾವು, ಸಿ / / / ಅಂದ್ರ ಸಿ ನ ನಾಲ್ಕು ಬೀಟ್. ಇದು ಒಪ್ಪೋ ಪದ್ಧತಿ, ಆದ್ರ ಸ್ಲ್ಯಾಶ್ ಕಾರ್ಡ್ ತುಂಬಿರೋ ಚಾರ್ಟ್‌ನಾಗ ಎರಡೂ ಕೂಡಿಸಬ್ಯಾಡ್ರಿ. ಸಿ6/9 ಕಾರ್ಡಿನಾಗಿನ ಗೆರಿಗೂ ಬೇಸ್‌ಗೂ ಸಂಬಂಧ ಇಲ್ಲ, ಅದನ್ನ ಸಿ69 ಅಂತ ಗೆರಿ ಇಲ್ಲದ ಬರದ್ರ ಬೇಸ್ ಬೇಕಾದಾಗ ಸಿ69/ಇ ಅಂತ ಸ್ವಚ್ಛ ಬರೀಬಹುದು.

ಕಾರ್ಡ್ ಹಂಗ ಇದ್ದು ಬೇಸ್ ಅಷ್ಟ ಬದಲಾದಲ್ಲೆ ಎ ಮೈನರ್, /ಜಿ, /ಎಫ್♯ ಅಂತ ಎಡಗಡೆ ಖಾಲಿ ಬಿಟ್ಟು ಬರಿಯೋರು ಅದಾರ. ಒಂದ ಸಾಲಿನಾಗ ಇದ್ರ ಪರವಾಗಿಲ್ಲ. ಸಾಲು ಮುರದು ಕೆಳಗ ಹೋತು ಅಂದ್ರ ಕಾರ್ಡ್ ಹೆಸರು ಪೂರಾ ಮತ್ತ ಬರೀರಿ.

ವಾಟ್ಸಾಪ್‌ನಾಗ ಸಾಹಿತ್ಯದ ಮ್ಯಾಲಿನ ಸಾಲಿಗೆ ಕಾರ್ಡ್ ಬರದು ಕಳಿಸಿದ್ರ ನಿಮ್ಮ ಫೋನ್‌ನಾಗ ನೆಟ್ಟಗ ಕಾಣತೈತಿ, ಅವರ ಫೋನ್‌ನಾಗ ಎರಡು ಅಕ್ಷರ ಸರದಿರತೈತಿ, ಕನ್ನಡ ಅಕ್ಷರದ ಅಗಲ ಒಂದೊಂದು ಒಂದೊಂದು ಥರಾ ಇರೋದಕ್ಕ ಸ್ಪೇಸ್ ಹಾಕಿ ಹೊಂದಿಸೋದು ಆಗದ ಮಾತು. ಪದದ ನಡುವನ ಚೌಕ ಬ್ರಾಕೆಟ್ ಹಾಕಿ [ಸಿ/ಇ] ಅಂತ ಯಾವ ಅಕ್ಷರದ ಮ್ಯಾಲ ಕಾರ್ಡ್ ಬೀಳಬೇಕೋ ಅದರ ಮುಂಚೆ ಬರೀರಿ. ಕಾರ್ಡ್‌ಪ್ರೊ (ChordPro) ಅನ್ನೋ ಫಾರ್ಮ್ಯಾಟ್ ಇರೋದ ಹಿಂಗ.

ಬಾಯಿಲೆ ಹೇಳೋವಾಗ ಇನ್ನೊಂದು ಫಜೀತಿ. ಬಿ, ಸಿ, ಡಿ, ಇ, ಜಿ ಎಲ್ಲಾ ಒಂದ ಥರಾ ಕೇಳ್ತಾವು, ಡ್ರಮ್ಸ್ ಸದ್ದಿನಾಗ "ಸಿ ಬೈ ಡಿ" ನೋ "ಸಿ ಬೈ ಜಿ" ನೋ ಗೊತ್ತಾಗಂಗಿಲ್ಲ. "ಸಿ, ಕೆಳಗ ಗಂಧಾರ" ಅಂತ ಬೇಸ್ ಭಾಗ ಸ್ವರದ ಹೆಸರಿಲೆ ಹೇಳ್ರಿ, ಆದ್ರ ಸಾ ಯಾವ ಮನಿ ಅಂತ ಮೊದಲ ಎಲ್ಲಾರೂ ಒಪ್ಪಿರಬೇಕು.

ಹಂತ 7: ಸ್ಕೇಲ್ ಬದಲಿಸೋವಾಗ ಎರಡೂ ಕಡೆ ಬದಲಿಸ್ರಿ

"ಬಿಳಿ 1 ಬ್ಯಾಡ, ಬಿಳಿ 2 ಇಡ್ರಿ" ಅಂದಾಗ ಅವಸರದಾಗ ಎಡಗಡೆ ಅಷ್ಟ ಏರಿಸಿ ಬಲಗಡೆ ಹಂಗ ಬಿಟ್ಟುಬಿಡ್ತಾರ. ಜಿ/ಬಿ ಹೋಗಿ ಎ/ಬಿ ಆಗತೈತಿ, ಅದು ಬ್ಯಾರೆ ಕಾರ್ಡೇ. ಸರಿಯಾಗಿ ಏರಿಸಿದ್ರ ನಮ್ಮ ಸಾಲು ಹಿಂಗ ಬರತೈತಿ:

| ಡಿ | ಎ/ಸಿ♯ | ಬಿ ಮೈನರ್ | ಬಿ ಮೈನರ್/ಎ | ಜಿ | ಡಿ/ಎಫ್♯ | ಇ ಮೈನರ್ | ಎ |

ದಿನಾ ಬ್ಯಾರೆ ಬ್ಯಾರೆ ಹಾಡೋರ ಕೂಡ ಬಾರಿಸೋರು ಅಕ್ಷರ ಬಿಟ್ಟು ನಂಬರ್‌ನಾಗ ಬರದಿಡ್ರಿ, ನ್ಯಾಶ್‌ವಿಲ್ ಪದ್ಧತಿ ಅಂತಾರ ಇದಕ್ಕ. ಮೈನರ್‌ಗೆ ಅಂಕಿ ಮುಂದ ಸಣ್ಣ ಗೆರಿ: 1, 5/7, 6-, 6-/5, 4, 1/3, 2-, 5. ಇಲ್ಲೆ ಬಲಗಡೆ ಅಂಕಿ ಹಾಡಿನ ಸಾ ದಿಂದ ಎಣಿಸಿದ್ದು, ಕಾರ್ಡಿನಿಂದ ಎಣಿಸಿದ್ದಲ್ಲ. 5/7 ಅಂದ್ರ ಪಂಚಮದ ಕಾರ್ಡ್, ಕೆಳಗ ನಿಷಾದ. ಇದನ್ನ "ಜಿ ಸೆವೆಂತ್" ಅಂತ ಓದಿ ಬೇಸ್‌ನಾಗ ಎಫ್ ಹಾಕೋರು ಭಾಳ.

ಕೇಪೋ (ತಂತಿಗಳನ್ನ ಒಂದು ಫ್ರೆಟ್ ಹತ್ರ ಒತ್ತಿ ಹಿಡಿಯೋ ಕ್ಲಿಪ್) ಹಾಕೋ ಗಿಟಾರ್‌ನವ್ರು ಚಾರ್ಟ್ ಮ್ಯಾಲ ಆಕಾರ ಬರದೀರೋ ನಿಜವಾದ ಸ್ವರ ಬರದೀರೋ ಅಂತ ಹೇಳ್ಬೇಕು. 2ನೇ ಫ್ರೆಟ್‌ಗೆ ಕೇಪೋ ಇಟ್ಟು ಡಿ/ಎಫ್♯ ಆಕಾರ ಹಿಡದ್ರ ಕೇಳೋದು ಇ/ಜಿ♯, ಬೇಸ್‌ನವ್ರಿಗೆ ಬೇಕಾದ್ದು ಎರಡನೇದು.

ಹಂತ 8: ಬಾರಿಸಿ ತಪಾಸು ಮಾಡ್ರಿ

ಗಿಟಾರ್‌ನಾಗ ಮೊದಲ ನೋಡಬೇಕಾದ್ದು ದಪ್ಪ ತಂತಿ. ಸಿ ಆಕಾರ ಹಿಡದು ಆರೂ ತಂತಿ ಬಾರಿಸಿದ್ರ ಕೆಳಗ ಖುಲ್ಲಾ ಇ ಕೇಳತೈತಿ, ನಿಮಗ ಗೊತ್ತಿಲ್ಲದ ಸಿ/ಇ ಆಗಿರತೈತಿ. ಡಿ ಆಕಾರಕ್ಕ ಆರೂ ತಂತಿ ಬಾರಿಸಿದ್ರ ಡಿ/ಇ, ಯಾರಿಗೂ ಬೇಕಾಗಿರದ ಕಾರ್ಡ್. ಕೆಲವು ಆಕಾರ ಬರದಿಟ್ಕೊಳ್ರಿ, ದಪ್ಪ ತಂತಿಯಿಂದ ಸಣ್ಣ ತಂತಿಗೆ, ಗುಣಾಕಾರ ಚಿಹ್ನೆ ಅಂದ್ರ ಆ ತಂತಿ ಬಾರಿಸಬ್ಯಾಡ್ರಿ: ಸಿ/ಇ 0-3-2-0-1-0, ಜಿ/ಬಿ ×-2-0-0-3-3, ಡಿ/ಎಫ್♯ 2-0-0-2-3-2, ಎ ಮೈನರ್/ಜಿ 3-×-2-2-1-0.

ಕೀಬೋರ್ಡ್‌ನಾಗ ಎಡಗೈ ಒಂದ ಸ್ವರ. ಸಿ/ಇ ಬಾರಿಸೋವಾಗ ಎಡಗೈಲೆ ಇ, ಬಲಗೈಲೆ ಸಿ-ಜಿ-ಸಿ ಸಾಕು, ಮ್ಯಾಲ ಮತ್ತ ಇ ಜೋರಾಗಿ ಹಾಕಿದ್ರ ಕಾರ್ಡ್ ದಪ್ಪ ಆಗಿ ಕೇಳತೈತಿ. ಬೇಸ್ ಗಿಟಾರ್ ಇದ್ರ ಎಡಗೈ ಮ್ಯಾಲ ತಗೋರಿ ಇಲ್ಲಾ ಬಿಟ್ಟುಬಿಡ್ರಿ. ಬೇಸ್‌ನವ್ರು ಇ ಹಿಡದಾಗ ನೀವು ಅದರಕಿಂತ ಕೆಳಗ ಸಿ ಒತ್ತಿದ್ರ ಇನ್ವರ್ಷನ್ ಸತ್ತ ಹೋತು. ಪೂರಾ ತಂಡದಾಗ ಎಲ್ಲಾರಕಿಂತ ಕೆಳಗ ಕೇಳೋ ಸ್ವರ ಯಾವುದೋ ಅದ ಬೇಸ್, ಯಾರು ಬಾರಿಸಿದ್ರು ಅನ್ನೋದು ಲೆಕ್ಕಕ್ಕ ಬರಂಗಿಲ್ಲ.

ಸ್ಟೈಲ್ (ಕೀಬೋರ್ಡ್ ತಾನ ತಾಳ, ಬೇಸ್ ಬಾರಿಸೋ ಸೌಲಭ್ಯ) ಹಾಕಿ ಬಾರಿಸೋರಿಗೆ ಭಾಳ ಕಾಡೋದು ಇದು: ಚಾರ್ಟ್ ಸರಿ ಐತಿ, ಕೈಯೂ ಸರಿ ಐತಿ, ಕೀಬೋರ್ಡ್ ಮಾತ್ರ ಬೇಸ್‌ನಾಗ ಸಿ ನ ಬಾರಿಸ್ತದ. ಸಾದಾ ಫಿಂಗರ್ಡ್ ಮೋಡ್‌ನಾಗ ಅದು ಕಾರ್ಡ್ ಗುರುತಿಸಿ ರೂಟ್ ಹಿಡೀತೈತಿ, ನೀವು ಯಾವ ಸ್ವರ ಕೆಳಗಿಟ್ಟೀರಿ ಅಂತ ನೋಡಂಗಿಲ್ಲ. ಯಮಾಹಾ ಪಿಎಸ್‌ಆರ್-ಎಸ್‌ಎಕ್ಸ್ ಥರದಾವ್ರಾಗ "ಫಿಂಗರ್ಡ್ ಆನ್ ಬೇಸ್" ಅಂತ ಮೋಡ್ ಐತಿ, ಕೋರ್ಗ್ ಪಿಎ ಸಾಲಿನಾಗ "ಬೇಸ್ ಇನ್ವರ್ಷನ್" ಬಟನ್. ಅದನ್ನ ಆನ್ ಮಾಡಿ ಎಡಗೈಲೆ ಇ-ಜಿ-ಸಿ ಹಿಡೀರಿ, ಬೇಸ್ ಇ ಗೆ ಬರತೈತಿ. ಸಾದಾ ಹಾಡಿಗೆ ಮತ್ತ ಆಫ್ ಮಾಡ್ರಿ, ಇಲ್ಲಂದ್ರ ಕೈ ಹತ್ರ ಆಗ್ಲಿ ಅಂತ ಉಲ್ಟಾ ಹಿಡದ ಪ್ರತಿ ಕಾರ್ಡೂ ಸ್ಲ್ಯಾಶ್ ಕಾರ್ಡ್ ಆಗಿ ಕೇಳತೈತಿ.

ಧಾರವಾಡದಾಗ ಫ್ಯೂಶನ್ ಮಾಡೋರು ತಂಬೂರಿ ಆ್ಯಪ್ ಹಚ್ಚಿರತಾರ. ಬೇಸ್ ಗಿಟಾರ್ ಇಲ್ಲದಾಗ ಆ ತಂಬೂರಿಯ ಖರ್ಜ ಸಾ ನ ಎಲ್ಲಾರಕಿಂತ ಕೆಳಗ ಉಳೀತೈತಿ, ನೀವು ಸಿ/ಇ ಬಾರಿಸಿದ್ರೂ ಕೇಳೋದು ಸಾದಾ ಸಿ. ತಂಬೂರಿ ಒಂದು ಸಪ್ತಕ ಮ್ಯಾಲ ಇಡ್ರಿ, ಇಲ್ಲಾ ಆ ಸಾಲು ಬಂದಾಗ ವಾಲ್ಯೂಮ್ ಇಳಸ್ರಿ.

ಎಚ್ಚರಿಕಿ ಕೊಡೋ ಗುರುತುಗಳು

ಚಾರ್ಟ್‌ನಾಗ ಪ್ರತಿ ಬಾರ್‌ಗೂ ಸ್ಲ್ಯಾಶ್ ಇದ್ರ ಹಂತ 4 ಬಿಟ್ಟಾರ ಅಂತ ಅರ್ಥ. ಬಲಗಡೆ ಸ್ವರಗಳನ್ನಷ್ಟ ಸಾಲಾಗಿ ಹಾಡ್ರಿ, ಸ್ಲ್ಯಾಶ್ ಇಲ್ಲದಲ್ಲೆ ರೂಟ್ ಹಾಡ್ರಿ, ಅದು ಎಲ್ಲಿಗೂ ಹೊಂದದ ಜಿಗದಾಡಿದ್ರ ಎಲ್ಲೋ ಒಂದು ಬೇಸ್ ತಪ್ಪು ಹಿಡದೀರಿ, ಇಯರ್‌ಫೋನ್ ಹಾಕಿ ಆ ಬಾರ್ ಮತ್ತ ಕೇಳ್ರಿ.

ಹಾಡಿನ ಕೊನೀ ಕಾರ್ಡ್ ಸಿ/ಜಿ ಬಂದಿದ್ರ ಅನುಮಾನ ಪಡ್ರಿ. ಎರಡನೇ ಇನ್ವರ್ಷನ್ ನಿಲ್ಲೋ ಕಾರ್ಡ್ ಅಲ್ಲ, ಅದು ಹೆಚ್ಚಾಗಿ ಮುಂದ ಜಿ ಗೆ ಹೋಗಿ ಆಮ್ಯಾಲ ಸಿ ಗೆ ಬರತೈತಿ. ಕೊನೀಗೆ ಬೇಸ್‌ನವ್ರು ಸಿ ಹಿಡದು ಜಿ ಗೆ ಹೋಗಿ ಬಂದಿದ್ದನ್ನ ನೀವು ಕಾರ್ಡ್ ಅಂತ ಬರದಿರೋ ಸಾಧ್ಯತೆನ ಹೆಚ್ಚು, ಆ ಗೆರಿ ಅಳಿಸಿ ಬರೇ ಸಿ ಬರೀರಿ.